ಸ್ಲಾಟ್ ಕ್ಯಾನಿಯನ್ ಪ್ರವಾಸ: ಬಿಪಿ, ಶುಗರ್, ಮಂಡಿನೋವು ಇರುವವರು ಗೈಡ್ ಟೂರ್ ಆರಿಸುವುದು ಹೇಗೆ?

ಅಮೆರಿಕದಲ್ಲಿರುವ ಮಗ ಅಥವಾ ಮಗಳ ಮನೆಗೆ ಹೋಗುವ ಅಪ್ಪ-ಅಮ್ಮಂದಿರ ಪ್ರವಾಸದ ಪಟ್ಟಿಯಲ್ಲಿ ಲಾಸ್ ವೇಗಸ್, ಗ್ರ್ಯಾಂಡ್ ಕ್ಯಾನಿಯನ್ ಜೊತೆಗೆ ಈಗ ಆಂಟಿಲೋಪ್ ಕ್ಯಾನಿಯನ್ ಕೂಡ ಇರುತ್ತದೆ. ಕೆಂಪು-ಕಿತ್ತಳೆ ಬಣ್ಣದ ಬಂಡೆಗಳ ನಡುವೆ ಬಿಸಿಲುಕೋಲು ಇಳಿಯುವ ಚಿತ್ರವನ್ನು ನೀವೂ ಫೋನಿನಲ್ಲಿ ನೋಡಿರಬಹುದು. ಟಿಕೆಟ್ ಮೊದಲೇ ಬುಕ್ ಮಾಡಬೇಕು, ದುಡ್ಡೂ ಮೊದಲೇ ಕಟ್ಟಬೇಕು. ಮಕ್ಕಳು ದುಡ್ಡು ಕಟ್ಟಿಯಾಗಿದೆ ಎಂಬ ಒಂದೇ ಕಾರಣಕ್ಕೆ ಮಂಡಿನೋವನ್ನೋ ಮೆಟ್ಟಿಲು ಹತ್ತುವಾಗಿನ ಏದುಸಿರನ್ನೋ ಹೇಳಿಕೊಳ್ಳದೆ ಹೊರಟುಬಿಡುವ ಹಿರಿಯರು ಬಹಳ.

ಸ್ಲಾಟ್ ಕ್ಯಾನಿಯನ್‌ನಲ್ಲಿ ಹೀಗೆ ಸುಮ್ಮನಿರುವುದು ಅಪಾಯ. ದೇವಸ್ಥಾನದ ಮೆಟ್ಟಿಲಾದರೆ ಸುಸ್ತಾದಾಗ ನಡುವೆ ಕುಳಿತುಕೊಳ್ಳಬಹುದು, ಬೇಡವೆನಿಸಿದರೆ ಇಳಿದು ಬರಬಹುದು. ಇಲ್ಲಿ ದಾರಿ ಕಿರಿದು, ಹಿಂದೆ ಇನ್ನೊಂದು ಗುಂಪು ಬರುತ್ತಿರುತ್ತದೆ. ಒಳಗೆ ಹೋದ ಮೇಲೆ ಹಿಂತಿರುಗುವುದು ಸುಲಭವಲ್ಲ. ಆದ್ದರಿಂದ ಯಾವ ಟೂರ್, ಯಾವ ತಿಂಗಳು, ಯಾವ ಹೊತ್ತು, ಯಾರು ಒಳಗೆ ಹೋಗಬೇಕು, ಯಾರು ಬೇಡ ಎಂಬುದೆಲ್ಲ ಬುಕ್ ಮಾಡುವ ಮೊದಲೇ ತೀರ್ಮಾನವಾಗಬೇಕು. ಅದನ್ನು ಹೇಗೆ ತೀರ್ಮಾನಿಸುವುದು ಎಂದು ಈ ಲೇಖನದಲ್ಲಿ ತಿಳಿಯೋಣ.

ಸ್ಲಾಟ್ ಕ್ಯಾನಿಯನ್ ಎಂದರೇನು?

ಅಗಲಕ್ಕಿಂತ ಆಳವೇ ಹಲವು ಪಟ್ಟು ಹೆಚ್ಚಿರುವ ಕಂದರವನ್ನು ಸ್ಲಾಟ್ ಕ್ಯಾನಿಯನ್ ಎನ್ನುತ್ತಾರೆ. ಮರುಭೂಮಿಯಲ್ಲಿ ಅಪರೂಪಕ್ಕೆ ಬೀಳುವ ಜೋರು ಮಳೆಯ ನೀರು ಮರಳನ್ನು ಹೊತ್ತುಕೊಂಡು ಮರಳುಗಲ್ಲಿನ ಬಿರುಕಿನಲ್ಲಿ ನುಗ್ಗುತ್ತದೆ. ಸಾವಿರಾರು ವರ್ಷ ಹೀಗೆ ಉಜ್ಜಿ ಉಜ್ಜಿ ಬಿರುಕು ಆಳವಾಗುತ್ತದೆ, ಗೋಡೆಗಳು ಅಲೆಯಂತೆ ನುಣುಪಾಗುತ್ತವೆ.

ಆಂಟಿಲೋಪ್ ಕ್ಯಾನಿಯನ್ ಇರುವುದು ಅಮೆರಿಕದ ಅರಿಜೋನಾ ರಾಜ್ಯದ ಪೇಜ್ ಎಂಬ ಊರಿನ ಹತ್ತಿರ, ನವಾಹೊ ಎಂಬ ಮೂಲನಿವಾಸಿಗಳ ನೆಲದಲ್ಲಿ. ಸಮುದ್ರಮಟ್ಟದಿಂದ ಸುಮಾರು 4,000 ಅಡಿ ಎತ್ತರದ ಜಾಗ. ಗೋಡೆಗಳು ಸುಮಾರು 120 ಅಡಿವರೆಗೂ ಏಳುತ್ತವೆ. ಇದರಲ್ಲಿ ಎರಡು ಮುಖ್ಯ ಭಾಗಗಳಿವೆ: ಅಪ್ಪರ್ ಮತ್ತು ಲೋವರ್. ಅಪ್ಪರ್ ಭಾಗಕ್ಕೆ ನವಾಹೊ ಜನರು ಇಟ್ಟಿರುವ ಹೆಸರಿನ ಅರ್ಥ 'ಬಂಡೆಗಳ ನಡುವೆ ನೀರು ಹರಿಯುವ ಜಾಗ'. ಆ ಹೆಸರೇ ಒಂದು ಎಚ್ಚರಿಕೆ.

ಗೈಡ್ ಏಕೆ ಕಡ್ಡಾಯ?

1997ರ ಆಗಸ್ಟ್ 12ರಂದು ಲೋವರ್ ಆಂಟಿಲೋಪ್‌ನಲ್ಲಿ ದಿಢೀರ್ ಪ್ರವಾಹ ನುಗ್ಗಿ 11 ಪ್ರವಾಸಿಗರು ಸತ್ತರು. ಕಂದರದ ಬಳಿ ಅಂದು ಮಳೆ ಬಿದ್ದದ್ದು ತೀರಾ ಕಡಿಮೆ. ಮಳೆ ಸುರಿದದ್ದು ಮೇಲಿನ ಬಯಲಿನಲ್ಲಿ, ಹಲವು ಕಿಲೋಮೀಟರ್ ದೂರದಲ್ಲಿ. ಆ ನೀರು ಹರಿದು ಬಂದು ಈ ಕಿರಿದಾದ ಸಂದಿಗೆ ನುಗ್ಗಿತು. ಆಗ ಒಳಗಿದ್ದ ಮರದ ಏಣಿಗಳು ಕೊಚ್ಚಿಹೋದವು.

ಈಗ ಬಂಡೆಗೆ ಭದ್ರವಾಗಿ ಬಿಗಿದ ಲೋಹದ ಮೆಟ್ಟಿಲುಗಳಿವೆ, ಹವಾಮಾನದ ಮುನ್ನೆಚ್ಚರಿಕೆ ಕೇಳುವ ರೇಡಿಯೋ ಇದೆ, ಅಪಾಯದ ಸೈರನ್ ಇದೆ. ಅನುಮತಿ ಪಡೆದ ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಇದರಿಂದ ನಾವು ಕಲಿಯಬೇಕಾದದ್ದು ಎರಡು. ಒಂದು, ನಿಮ್ಮ ತಲೆಯ ಮೇಲೆ ಆಕಾಶ ತಿಳಿಯಾಗಿದೆ ಎಂದ ಮಾತ್ರಕ್ಕೆ ಒಳಗೆ ಅಪಾಯವಿಲ್ಲ ಎಂದಲ್ಲ. ಎರಡು, ಮಳೆಯ ಸೂಚನೆ ಬಂದಾಗ ಗೈಡ್ 'ಹೊರಗೆ ನಡೆಯಿರಿ' ಎಂದರೆ ನೀವು ಬೇಗ ಹೊರಡಬೇಕು. ನಿಧಾನವಾಗಿ ನಡೆಯುವವರು, ಮೆಟ್ಟಿಲಿಗೆ ಇನ್ನೊಬ್ಬರ ಆಸರೆ ಬೇಕಾದವರು ಟೂರ್ ಆರಿಸುವಾಗ ಮೊದಲು ಯೋಚಿಸಬೇಕಾದದ್ದು ಇದನ್ನೇ.

ಪಕ್ಕದ ಯೂಟಾ ರಾಜ್ಯದಲ್ಲಿ ಗೈಡ್ ಇಲ್ಲದೆ ಹೋಗಬಹುದಾದ ಸ್ಲಾಟ್ ಕ್ಯಾನಿಯನ್‌ಗಳೂ ಇವೆ. ದೀರ್ಘಕಾಲದ ಕಾಯಿಲೆ ಇರುವವರು ಅವುಗಳನ್ನು ಪಟ್ಟಿಯಿಂದ ಬಿಡುವುದೇ ಒಳ್ಳೆಯದು.

ಅಪ್ಪರ್ ಅಥವಾ ಲೋವರ್: ನಿಮಗೆ ಯಾವುದು?

ಅಪ್ಪರ್ ಆಂಟಿಲೋಪ್

* ಕಂದರದ ಉದ್ದ ಸುಮಾರು 200 ಮೀಟರ್. ತಳದಲ್ಲಿ ಅಗಲ, ಮೇಲೆ ಕಿರಿದು.
* ಒಳಗಿನ ನೆಲ ಬಹುತೇಕ ಸಮತಟ್ಟು, ಆದರೆ ಮರಳು.
* ಕಂದರದ ಬಾಗಿಲಿಗೆ ಟೂರ್‌ನವರೇ ತಮ್ಮ ಗಾಡಿಯಲ್ಲಿ ಕರೆದೊಯ್ಯುತ್ತಾರೆ. ಮರಳಿನ ಹಳ್ಳದಲ್ಲಿ ಸುಮಾರು 3 ಕಿ.ಮೀ. ಎತ್ತಿಹಾಕುವ ಪಯಣ.
* ಬಿಸಿಲುಕೋಲಿಗೆ ಹೆಸರಾದದ್ದು ಇದೇ. ಹಾಗಾಗಿ ಜನ ಹೆಚ್ಚು, ದರವೂ ಹೆಚ್ಚು.

ಇಲ್ಲಿ ಒಂದು ಮುಖ್ಯ ವಿಷಯ ಗಮನಿಸಿ. 'ಅಪ್ಪರ್‌ನಲ್ಲಿ ಮೆಟ್ಟಿಲೇ ಇಲ್ಲ, ವಯಸ್ಸಾದವರಿಗೆ ಸುಲಭ' ಎಂದು ಹಳೆಯ ಪ್ರವಾಸ ಬರಹಗಳಲ್ಲಿ ಓದುತ್ತೀರಿ. ಆಗ ಹೋದ ದಾರಿಯಲ್ಲೇ ವಾಪಸ್ ಬರಬಹುದಿತ್ತು. ಕೋವಿಡ್ ನಂತರ ಜನರನ್ನು ಒಂದೇ ದಿಕ್ಕಿನಲ್ಲಿ ಕಳುಹಿಸುತ್ತಾರೆ. ಕಂದರದ ಇನ್ನೊಂದು ತುದಿಯಲ್ಲಿ ಹೊರಬಂದು, ಬಂಡೆಯ ಮೇಲಿನಿಂದ ಮೆಟ್ಟಿಲು ಮತ್ತು ಇಳಿಜಾರು ಹಾದಿಯಲ್ಲಿ ಸುತ್ತಿ ಬರಬೇಕು. ಆ ಹಾದಿ ಬಿಸಿಲಿನಲ್ಲಿದೆ. ಹಾಗಾಗಿ ಒಳಗಿನ ನಡಿಗೆಯ ಜೊತೆಗೆ ವಾಪಸಾಗುವ ದಾರಿಯಲ್ಲಿ ಎಷ್ಟು ಮೆಟ್ಟಿಲು, ಎಷ್ಟು ದೂರ ಎಂಬುದನ್ನೂ ಕೇಳಿ.

ಲೋವರ್ ಆಂಟಿಲೋಪ್

* ಕಂದರದ ಉದ್ದ ಸುಮಾರು 400 ಮೀಟರ್. ಮೇಲೆ ಅಗಲ, ತಳದಲ್ಲಿ ಕಿರಿದು. ಕೆಲವು ಕಡೆ ಅಡ್ಡವಾಗಿ ಪಾದ ಇಟ್ಟು ಸಾಗಬೇಕು.
* ಕಡಿದಾದ ಲೋಹದ ಮೆಟ್ಟಿಲುಗಳಲ್ಲಿ ಕೆಳಗೆ ಇಳಿಯಬೇಕು. ಒಟ್ಟು ಐದು ಕಡೆ ಮೆಟ್ಟಿಲುಗಳಿವೆ. ಅಗಲ, ಎತ್ತರ ಒಂದೇ ತೆರನಾಗಿಲ್ಲ.
* ಗಾಡಿಯ ಪಯಣ ಇಲ್ಲ. ಕಚೇರಿಯಿಂದಲೇ ನಡಿಗೆ.
* ದರ ಸಾಮಾನ್ಯವಾಗಿ ಅಪ್ಪರ್‌ಗಿಂತ ಕಡಿಮೆ.

ಮಂಡಿ ಸವೆತ ಇರುವವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಇಳಿಯುವಾಗ ಮಂಡಿಚಿಪ್ಪಿನ ಮೇಲೆ ಬೀಳುವ ಭಾರ ಹೆಚ್ಚು. ಆದ್ದರಿಂದ 'ಅಗ್ಗ' ಎಂದು ಲೋವರ್ ಆರಿಸಿದರೆ ಆ ಉಳಿತಾಯವನ್ನು ಮಂಡಿ ತೀರಿಸಬೇಕಾಗುತ್ತದೆ. ಬೆನ್ನಿನ ಡಿಸ್ಕ್ ತೊಂದರೆ ಇರುವವರಿಗೆ ಇದು ತಿರುಗುಮುರುಗು: ಮೆಟ್ಟಿಲಿಗಿಂತ ಅಪ್ಪರ್‌ನ ಗಾಡಿಯ ಕುಲುಕಾಟವೇ ಹೆಚ್ಚು ತೊಂದರೆ ಕೊಡಬಹುದು.

ಈ ಎರಡೂ ಗಾಲಿಕುರ್ಚಿಗೆ ಹೊಂದುವುದಿಲ್ಲ. ಹತ್ತಿರದಲ್ಲಿ ಕ್ಯಾನಿಯನ್ ಎಕ್ಸ್ ಮುಂತಾದ ಬೇರೆ ಕಂದರಗಳಿಗೂ ಗೈಡ್ ಟೂರ್ ಇದೆ. ಜನ ಕಡಿಮೆ ಇರುವುದು ಅನುಕೂಲ. ಅಲ್ಲಿಯೂ ಇಳಿಯುವ-ಹತ್ತುವ ದಾರಿ ಹೇಗಿದೆ ಎಂದು ಕೇಳಿಯೇ ಬುಕ್ ಮಾಡಿ.

ಹೊರಡುವ ಮುನ್ನ ಮನೆಯಲ್ಲೇ ನೋಡಿಕೊಳ್ಳಿ

ಪ್ರವಾಸಕ್ಕೆ ಒಂದು ತಿಂಗಳು ಮೊದಲು ಈ ಸರಳ ಪರೀಕ್ಷೆಗಳನ್ನು ಮಾಡಿ. ಇವು ವೈದ್ಯರ ತಪಾಸಣೆಗೆ ಬದಲಿಯಲ್ಲ. ನಿಮ್ಮ ದೇಹದ ಸ್ಥಿತಿ ನಿಮಗೇ ತಿಳಿಯಲಿ ಎಂದಷ್ಟೇ.

* ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಬಿಟ್ಟು ಎರಡು ಮಹಡಿ ನಿಲ್ಲದೆ ಹತ್ತಿ. ಎದೆ ಬಿಗಿತ, ತಲೆಸುತ್ತು, ಮಾತನಾಡಲಾಗದಷ್ಟು ಏದುಸಿರು ಬಂದರೆ ಅಲ್ಲೇ ನಿಲ್ಲಿಸಿ. ವೈದ್ಯರನ್ನು ಕಾಣದೆ ಟಿಕೆಟ್ ಬುಕ್ ಮಾಡಬೇಡಿ.
* ಅದೇ ಎರಡು ಮಹಡಿಯನ್ನು ಕಂಬಿ ಹಿಡಿದು ಇಳಿಯಿರಿ. ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಳಿಯಬೇಕಾದರೆ ಲೋವರ್ ನಿಮಗಲ್ಲ.
* ಕಡಲತೀರ ಹತ್ತಿರವಿದ್ದರೆ ಒಣಮರಳಿನ ಮೇಲೆ ಹತ್ತು ನಿಮಿಷ ನಡೆಯಿರಿ. ಚೆನ್ನೈ, ಮುಂಬೈನವರಿಗೆ ಇದು ಸುಲಭ. ಮರಳಿನಲ್ಲಿ ನಡೆಯಲು ಡಾಂಬರು ರಸ್ತೆಗಿಂತ ಹೆಚ್ಚು ಶಕ್ತಿ ಬೇಕು.
* ಒಂದೂವರೆ ಗಂಟೆ ಮೂತ್ರಕ್ಕೆ ಹೋಗದೆ ಇರಲು ಆಗುತ್ತದೆಯೇ ನೋಡಿ. ಕಂದರದೊಳಗೆ ಶೌಚಾಲಯ ಇಲ್ಲ.

ಯಾವ ಕಾಯಿಲೆ ಇದ್ದರೆ ಏನು ಗಮನಿಸಬೇಕು?

ಹೃದಯದ ತೊಂದರೆ ಮತ್ತು ಬಿಪಿ

ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ಸ್ಟೆಂಟ್ ಹಾಕಿದ್ದರೆ ಅಥವಾ ಬೈಪಾಸ್ ಆಗಿದ್ದರೆ ಹೋಗಬಹುದೇ ಎಂಬುದನ್ನು ನಿಮ್ಮ ಹೃದ್ರೋಗ ತಜ್ಞರೇ ಹೇಳಬೇಕು. ಸ್ಥಿತಿ ಸ್ಥಿರವಾಗಿರುವವರೂ ಸೆಖೆಯ ಬಗ್ಗೆ ಕೇಳಿಕೊಳ್ಳಿ. ಮೂತ್ರ ಹೆಚ್ಚಿಸುವ ಮಾತ್ರೆಗಳು ದೇಹದ ನೀರನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ಬೀಟಾ ಬ್ಲಾಕರ್ ಮಾತ್ರೆಗಳು ಸೆಖೆಗೆ ದೇಹ ಹೊಂದಿಕೊಳ್ಳುವ ಶಕ್ತಿಯನ್ನು ತಗ್ಗಿಸಬಹುದು. ಹಾಗೆಂದು ನೀವೇ ಮಾತ್ರೆ ನಿಲ್ಲಿಸಬೇಡಿ, ಪ್ರಮಾಣ ಬದಲಿಸಬೇಡಿ. 'ಬಿಸಿಲಿನಲ್ಲಿ ಎರಡು ಗಂಟೆ ಇರುತ್ತೇನೆ' ಎಂದು ವೈದ್ಯರಿಗೆ ಹೇಳಿ, ಅವರ ಮಾತಿನಂತೆ ನಡೆಯಿರಿ.

ಹೃದಯದ ವೈಫಲ್ಯ ಇರುವವರಿಗೆ ದಿನಕ್ಕೆ ಇಷ್ಟೇ ನೀರು ಎಂಬ ಮಿತಿ ಇರುತ್ತದೆ. 'ಮರುಭೂಮಿಯಲ್ಲಿ ಚೆನ್ನಾಗಿ ನೀರು ಕುಡಿಯಿರಿ' ಎಂಬ ಸಾಮಾನ್ಯ ಸಲಹೆ ಅವರಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಆ ದಿನಕ್ಕೆ ಎಷ್ಟು ಕುಡಿಯಬಹುದು ಎಂದು ಅಳತೆ ಸಹಿತ ಬರೆಸಿಕೊಳ್ಳಿ.

ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ಮಾತ್ರೆ ಇದ್ದರೆ ಅದು ನಿಮ್ಮ ಜೇಬಿನಲ್ಲೇ ಇರಬೇಕು, ಕಾರಿನಲ್ಲಲ್ಲ. ಬಳಸುವಾಗ ಕುಳಿತುಕೊಳ್ಳಿ. ನಿಂತಿರುವಾಗ ಬಿಪಿ ಇಳಿದು ಬೀಳುವ ಸಾಧ್ಯತೆ ಇದೆ.

ಸಕ್ಕರೆ ಕಾಯಿಲೆ

ಹೊಸ ಜಾಗ, ಹೊತ್ತು ಮೀರಿದ ಊಟ, ನಡಿಗೆ, ಸೆಖೆ ಎಲ್ಲವೂ ಸೇರಿದಾಗ ಸಕ್ಕರೆ ಪ್ರಮಾಣ ಇಳಿಯಬಹುದು. ಒಳಗೆ ಹೋಗುವ ಮುನ್ನ ಒಮ್ಮೆ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ನಡುಕ, ಬೆವರು, ಕಣ್ಣು ಮಂಜಾಗುವುದು ಕಂಡರೆ ಮೂರು ಚಮಚ ಸಕ್ಕರೆ ಅಥವಾ ಅಷ್ಟೇ ಗ್ಲೂಕೋಸ್ ತೆಗೆದುಕೊಂಡು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಸರಿಹೋಗುವವರೆಗೆ ಒಳಗೆ ಹೋಗಬೇಡಿ.

ಬಳಕೆಯಲ್ಲಿರುವ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಇದಕ್ಕಿಂತ ಬಹಳ ಹೆಚ್ಚು ಶಾಖ ಇರುತ್ತದೆ. ನೀರಿನಲ್ಲಿ ನೆನೆಸಿ ಬಳಸುವ ಕೂಲಿಂಗ್ ಪೌಚ್ ಒಣಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ; ಮಣ್ಣಿನ ಮಡಕೆ ತಣ್ಣಗಿರುವುದೂ ಇದೇ ತತ್ವದಿಂದ. ಐಸ್‌ಗೆ ನೇರವಾಗಿ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂತಹ ಮಾತ್ರೆಗಳು ಮೂತ್ರದ ಮೂಲಕ ಸಕ್ಕರೆಯ ಜೊತೆ ನೀರನ್ನೂ ಹೊರಹಾಕುತ್ತವೆ. ಇವನ್ನು ತೆಗೆದುಕೊಳ್ಳುವವರು ನಿರ್ಜಲೀಕರಣದ ಬಗ್ಗೆ ವೈದ್ಯರಲ್ಲಿ ವಿಚಾರಿಸಿ. ಪಾದಗಳಲ್ಲಿ ಸ್ಪರ್ಶ ಕಡಿಮೆ ಇರುವವರು ಚಪ್ಪಲಿ ಬೇಡ, ಮುಚ್ಚಿದ ಶೂ ಹಾಕಿ. ಹೊರಬಂದ ಮೇಲೆ ಶೂ ಕಳಚಿ, ಮರಳು ಕೊಡವಿ, ಪಾದದಲ್ಲಿ ಗಾಯ-ಗುಳ್ಳೆ ಇದೆಯೇ ನೋಡಿ.

ಆಸ್ತಮಾ, ಶ್ವಾಸಕೋಶದ ಕಾಯಿಲೆ

ಗಾಳಿ ಬೀಸಿದರೆ ಮೇಲಿನಿಂದ ನುಣ್ಣನೆಯ ಮರಳು ಒಳಗೆ ಉದುರುತ್ತದೆ. ವಸಂತಕಾಲದಲ್ಲಿ ಗಾಳಿ ಹೆಚ್ಚು. ಮಾಸ್ಕ್ ಒಯ್ಯಿರಿ. ಇನ್ಹೇಲರ್ ಜೇಬಿನಲ್ಲಿರಲಿ. ಅದನ್ನೂ ಬಿಸಿ ಕಾರಿನಲ್ಲಿ ಬಿಡಬಾರದು. ಎತ್ತರದ ವಿಷಯಕ್ಕೆ ಬಂದರೆ, ಪೇಜ್‌ಗಿಂತ ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚು ಹೆಚ್ಚು ಎತ್ತರದಲ್ಲಿದೆ, ಸುಮಾರು 7,000 ಅಡಿ. ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡುವವರು ನಡುವೆ ಒಂದು ದಿನ ವಿಶ್ರಾಂತಿ ಇಟ್ಟುಕೊಳ್ಳಿ.

ಕಣ್ಣು, ಸಮತೋಲನ, ಮನಸ್ಸು

ಬಿಸಿಲಿನಿಂದ ಒಮ್ಮೆಲೇ ನೆರಳಿಗೆ ಹೋದಾಗ ಕಣ್ಣು ಹೊಂದಿಕೊಳ್ಳಲು ಸಮಯ ಬೇಕು. ಕಣ್ಣಿನ ಪೊರೆ, ಗ್ಲಾಕೋಮಾ ಇರುವವರಿಗೆ ಇನ್ನೂ ಹೆಚ್ಚು. ಬಾಗಿಲಲ್ಲಿ ಕೂಲಿಂಗ್ ಗ್ಲಾಸ್ ತೆಗೆದು ಸ್ವಲ್ಪ ನಿಂತು ಸಾಗಿ. ಈಚೆಗೆ ಪೊರೆ ಶಸ್ತ್ರಚಿಕಿತ್ಸೆ ಆಗಿದ್ದರೆ ಈ ಧೂಳಿನ ಜಾಗಕ್ಕೆ ಹೋಗಬಹುದೇ ಎಂದು ಕಣ್ಣಿನ ವೈದ್ಯರನ್ನು ಕೇಳಿ. ತಲೆಸುತ್ತಿನ ಕಾಯಿಲೆ ಇರುವವರಿಗೆ ಲೋವರ್‌ನ ಕಡಿದಾದ ಮೆಟ್ಟಿಲು ಬೇಡ.

ಎಂಆರ್‌ಐ ಯಂತ್ರದೊಳಗೆ, ಲಿಫ್ಟಿನಲ್ಲಿ ಗಾಬರಿಯಾಗುವವರು ಸ್ಲಾಟ್ ಕ್ಯಾನಿಯನ್‌ನಲ್ಲೂ ಗಾಬರಿಯಾಗಬಹುದು. ಅಪ್ಪರ್‌ನ ತಳ ಅಗಲ ಇರುವುದರಿಂದ ಸ್ವಲ್ಪ ವಾಸಿ. ಮರೆವಿನ ಕಾಯಿಲೆ ಇರುವವರನ್ನು ಗುಂಪು, ಕತ್ತಲು, ಅಪರಿಚಿತ ಭಾಷೆಯ ಸೂಚನೆಗಳ ನಡುವೆ ಕರೆದೊಯ್ಯುವುದು ಅವರಿಗೆ ಹಿಂಸೆ, ನಿಮಗೆ ಆತಂಕ.

ಗರ್ಭಿಣಿಯರು

ಅಪ್ಪರ್‌ನ ಗಾಡಿ ಬಹಳ ಕುಲುಕುತ್ತದೆ. ಗರ್ಭಿಣಿ ಎಂಬುದನ್ನು ಟೂರ್‌ನವರಿಗೆ ಮೊದಲೇ ತಿಳಿಸಿ ಅವರ ನಿಯಮ ಕೇಳಿ. ಬಳಿಕ ನಿಮ್ಮ ಸ್ತ್ರೀರೋಗ ತಜ್ಞರನ್ನು ವಿಚಾರಿಸಿ.

ಯಾವ ತಿಂಗಳು, ಯಾವ ಹೊತ್ತು?

ಅಪ್ಪರ್‌ನ ಬಿಸಿಲುಕೋಲು ಚೆನ್ನಾಗಿ ಕಾಣುವುದು ಬೇಸಿಗೆಯ ತಿಂಗಳುಗಳಲ್ಲಿ, ನಡುಹಗಲಿಗೆ. ಅತಿ ಹೆಚ್ಚು ಸೆಖೆ, ಅತಿ ಹೆಚ್ಚು ಜನ ಇರುವುದೂ ಆಗಲೇ. ಜುಲೈನಲ್ಲಿ ಪೇಜ್‌ನ ಹಗಲಿನ ತಾಪ ಸಾಮಾನ್ಯವಾಗಿ 36 ಡಿಗ್ರಿ ದಾಟುತ್ತದೆ, ಕೆಲವು ದಿನ 40ಕ್ಕೂ ಏರುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯ ಮುಂಗಾರು. ಮಧ್ಯಾಹ್ನದ ಗುಡುಗು-ಮಳೆಯಿಂದ ದಿಢೀರ್ ಪ್ರವಾಹದ ಭಯ ಹೆಚ್ಚಿರುವ ಕಾಲ ಇದು.

ಕಾಯಿಲೆ ಇರುವವರು ಬಿಸಿಲುಕೋಲಿನ ಆಸೆ ಬಿಟ್ಟು ಬೆಳಗಿನ ಮೊದಲ ಟೂರ್‌ಗಳಲ್ಲಿ ಒಂದನ್ನು ಆರಿಸುವುದು ಒಳ್ಳೆಯದು. ಗೋಡೆಗಳ ಬಣ್ಣ ಆಗಲೂ ಚೆಂದವೇ. ತಿಂಗಳು ನಿಮ್ಮ ಕೈಯಲ್ಲಿದ್ದರೆ ಅಕ್ಟೋಬರ್ ಹಿತ. ಡಿಸೆಂಬರ್-ಜನವರಿಯಲ್ಲಿ ಜನ ಕಡಿಮೆ, ಆದರೆ ಬೆಳಗ್ಗೆ ಕೊರೆಯುವ ಚಳಿ. ಚಳಿಗೆ ಎದೆನೋವು ಅಥವಾ ಉಬ್ಬಸ ಬರುವವರು ಆಗ ಬೆಳಗ್ಗೆ ಬಿಟ್ಟು ನಡುಹಗಲನ್ನು ಆರಿಸಿ.

ಸೆಖೆಯ ಬಗ್ಗೆ ಇನ್ನೊಂದು ಮಾತು. ಮುಂಬೈ, ಚೆನ್ನೈನ ಸೆಖೆಯಲ್ಲಿ ಬೆವರು ಸುರಿಯುವುದು ಕಾಣುತ್ತದೆ, ಅಂಗಿ ಒದ್ದೆಯಾಗುತ್ತದೆ. ಅರಿಜೋನಾದ ಒಣಹವೆಯಲ್ಲಿ ಬೆವರು ಹುಟ್ಟುತ್ತಲೇ ಆರಿಹೋಗುತ್ತದೆ. 'ನನಗೆ ಬೆವರೇ ಇಲ್ಲ' ಎನಿಸಿದರೂ ದೇಹ ನೀರು ಕಳೆದುಕೊಳ್ಳುತ್ತಿರುತ್ತದೆ. ದೆಹಲಿಯ ಮೇ ತಿಂಗಳ ಒಣಬಿಸಿಲು ಕಂಡವರಿಗೆ ಇದರ ಅಂದಾಜು ಇರುತ್ತದೆ. ಬಾಯಾರಿಕೆಗೆ ಕಾಯದೆ ಗುಟುಕು ಗುಟುಕಾಗಿ ಕುಡಿಯಿರಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲದು ಎಂದು ತಿಳಿಯಿರಿ.

ಬುಕ್ ಮಾಡುವ ಮುನ್ನ ಕೇಳಬೇಕಾದ 10 ಪ್ರಶ್ನೆಗಳು

ಮಕ್ಕಳೇ ಬುಕ್ ಮಾಡುವುದಾದರೆ ಈ ಪಟ್ಟಿಯನ್ನು ಅವರಿಗೆ ಕಳುಹಿಸಿ. ಫೋನ್ ಅಥವಾ ಇಮೇಲ್ ಮಾಡಿ ಕೇಳಲಿ.

1. ಹೋಗುವಾಗ ಮತ್ತು ವಾಪಸ್ ಬರುವಾಗ ಒಟ್ಟು ಎಷ್ಟು ಮೆಟ್ಟಿಲು? ಎಲ್ಲ ಕಡೆ ಹಿಡಿಯಲು ಕಂಬಿ ಇದೆಯೇ?
2. ಒಟ್ಟು ನಡಿಗೆ ಎಷ್ಟು? ಅದರಲ್ಲಿ ನೆರಳಿಲ್ಲದ ಭಾಗ ಎಷ್ಟು?
3. ನಡುವೆ ಆಗದಿದ್ದರೆ ಹಿಂತಿರುಗಲು ದಾರಿ ಇದೆಯೇ? ಯಾರು ಕರೆತರುತ್ತಾರೆ?
4. ಒಬ್ಬ ಗೈಡ್‌ಗೆ ಎಷ್ಟು ಜನ? ಚಿಕ್ಕ ಗುಂಪಿನ ಟೂರ್ ಇದೆಯೇ?
5. ಬ್ಯಾಗ್ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಔಷಧಿ, ಇನ್ಸುಲಿನ್, ಗ್ಲೂಕೋಸ್ ಇರುವ ಚಿಕ್ಕ ಪೌಚ್‌ಗೆ ಅನುಮತಿ ಕೊಡುತ್ತೀರಾ?
6. ಊರುಗೋಲು ಒಯ್ಯಬಹುದೇ?
7. ಗೈಡ್‌ಗೆ ಪ್ರಥಮ ಚಿಕಿತ್ಸೆಯ ತರಬೇತಿ ಇದೆಯೇ? ಒಳಗಿನಿಂದ ಹೊರಗೆ ಸಂಪರ್ಕಿಸಲು ರೇಡಿಯೋ ಇದೆಯೇ?
8. ಮಳೆಯ ಸೂಚನೆ ಇದ್ದರೆ ಟೂರ್ ರದ್ದು ಮಾಡುತ್ತೀರಾ? ದುಡ್ಡು ವಾಪಸ್ ಬರುತ್ತದೆಯೇ?
9. ಕಾಯಿಲೆಯ ಕಾರಣ ನಾವೇ ರದ್ದು ಮಾಡಿದರೆ ಏನು ನಿಯಮ?
10. ಕಾಯುವ ಜಾಗದಲ್ಲಿ ನೆರಳು, ಕುರ್ಚಿ, ಶೌಚಾಲಯ ಇದೆಯೇ? ಎಷ್ಟು ಹೊತ್ತು ಕಾಯಬೇಕು?

ಎಂಟನೆಯ ಪ್ರಶ್ನೆಗೆ 'ಮಳೆ ಬಂದರೂ ಕರೆದೊಯ್ಯುತ್ತೇವೆ' ಎಂದವರಿಗಿಂತ 'ಅಪಾಯ ಕಂಡರೆ ನಿಲ್ಲಿಸುತ್ತೇವೆ' ಎಂದವರೇ ನಂಬಿಕಸ್ಥರು. ಒಂಬತ್ತನೆಯದೂ ಮುಖ್ಯ. ಕೊನೆಯ ಗಳಿಗೆಯಲ್ಲಿ ರದ್ದು ಮಾಡಬಹುದು ಎಂದು ಗೊತ್ತಿದ್ದರೆ, ಅಂದು ಬೆಳಗ್ಗೆ ಮೈ ಸರಿಯಿಲ್ಲದ ಅಮ್ಮ ಅದನ್ನು ಬಾಯಿಬಿಟ್ಟು ಹೇಳುತ್ತಾರೆ.

ಗಡಿಯಾರದ ಗೊಂದಲ

ಅರಿಜೋನಾ ರಾಜ್ಯದಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದಿಲ್ಲ. ನವಾಹೊ ನೆಲದಲ್ಲಿ ಮುಂದಿಡುತ್ತಾರೆ. ಪಕ್ಕದ ಯೂಟಾದಲ್ಲೂ ಹಾಗೆಯೇ. ಆದರೆ ಪೇಜ್ ಊರು ಮತ್ತು ಆಂಟಿಲೋಪ್ ಟೂರ್‌ಗಳು ನಡೆಯುವುದು ಅರಿಜೋನಾ ಸಮಯದಲ್ಲಿ. ಹತ್ತಿರದ ಟವರ್ ಬದಲಾದಂತೆ ಫೋನಿನ ಗಂಟೆ ತಾನೇ ಬದಲಾಗಬಹುದು. ಟೂರ್ ತಪ್ಪುವುದು ಒಂದು ನಷ್ಟ. ಇನ್ಸುಲಿನ್, ಬಿಪಿ ಮಾತ್ರೆಯ ಹೊತ್ತು ತಪ್ಪುವುದು ಇನ್ನೂ ದೊಡ್ಡದು. ಕೈಗಡಿಯಾರವನ್ನು ಪೇಜ್ ಸಮಯಕ್ಕೆ ಇಟ್ಟು ಅದನ್ನೇ ನೋಡಿ. ಊಟ ಮತ್ತು ಮಾತ್ರೆಯ ಹೊತ್ತನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ದಾರಿಯ ಆಯಾಸ ಮರೆಯಬೇಡಿ

ಲಾಸ್ ವೇಗಸ್‌ನಿಂದ ಪೇಜ್‌ಗೆ ಕಾರಿನಲ್ಲಿ ಸುಮಾರು ನಾಲ್ಕೂವರೆ ಗಂಟೆ. ಬೆಳಗ್ಗೆ ಹೊರಟು, ಕಂದರ ನೋಡಿ, ರಾತ್ರಿ ವಾಪಸಾಗುವ ಯೋಜನೆ ಯುವಕರಿಗೇ ಸುಸ್ತು. ಹಿಂದಿನ ರಾತ್ರಿಯೇ ಪೇಜ್ ತಲುಪಿ ಅಲ್ಲೇ ಉಳಿಯಿರಿ. ದಾರಿಯಲ್ಲಿ ಒಂದೆರಡು ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ಬಹಳ ಹೊತ್ತು ಕುಳಿತೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಭಾರತದಿಂದ ಬಂದಿಳಿದ ವಾರದಲ್ಲೇ ಈ ಪ್ರವಾಸ ಇಟ್ಟುಕೊಳ್ಳಬೇಡಿ.

ಜೊತೆಗಿರಬೇಕಾದವು

* ಒಂದು ವಾರಕ್ಕೆ ಹೆಚ್ಚುವರಿ ಔಷಧಿ. ಭಾರತದ ವೈದ್ಯರ ಚೀಟಿಗೆ ಅಮೆರಿಕದ ಔಷಧಿ ಅಂಗಡಿಯಲ್ಲಿ ಸಾಮಾನ್ಯವಾಗಿ ಮಾತ್ರೆ ಕೊಡುವುದಿಲ್ಲ.
* ಕಾಯಿಲೆ, ಮಾತ್ರೆ, ಅಲರ್ಜಿಗಳನ್ನು ಇಂಗ್ಲಿಷಿನಲ್ಲಿ ಬರೆದ ಒಂದು ಪುಟ. ಮಾತ್ರೆಯ ಕಂಪನಿ ಹೆಸರು ಅಲ್ಲಿಯವರಿಗೆ ಗೊತ್ತಿರುವುದಿಲ್ಲ. ಒಳಗಿನ ಮದ್ದಿನ ಹೆಸರು ಬರೆಸಿ. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೊಫೆನ್.
* ಈಗಾಗಲೇ ಇರುವ ಕಾಯಿಲೆಗೂ ಅನ್ವಯಿಸುವ ಪ್ರವಾಸ ವಿಮೆ. ತುರ್ತು ಸಾಗಣೆಯ ವೆಚ್ಚ ಸೇರಿದೆಯೇ ನೋಡಿ.
* ಟೋಪಿ, ನೀರಿನ ಬಾಟಲಿ, ಮುಚ್ಚಿದ ಶೂ. ಸೀರೆ, ಉದ್ದ ದುಪಟ್ಟಾ ಬದಲು ಕಾಲಿಗೆ ಸಿಕ್ಕದ ಬಟ್ಟೆ.

ತುರ್ತು ಲಕ್ಷಣಗಳು: ತಕ್ಷಣ ಗೈಡ್‌ಗೆ ಹೇಳಿ

ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು, ಮಾತು ತೊದಲುವುದು, ಮುಖ ಒಂದು ಕಡೆ ವಾಲುವುದು, ಗೊಂದಲ, ಎಚ್ಚರ ತಪ್ಪುವುದು. ಇವುಗಳಲ್ಲಿ ಯಾವುದು ಕಂಡರೂ 'ಹೊರಗೆ ಹೋದ ಮೇಲೆ ನೋಡೋಣ' ಎನ್ನಬೇಡಿ. ಒಳಗೆ ಫೋನ್ ಸಿಗ್ನಲ್ ನಂಬುವಂತಿಲ್ಲ, ಗೈಡ್‌ಗೇ ಹೇಳಬೇಕು. ಹೊರಗಿದ್ದರೆ 911ಕ್ಕೆ ಕರೆ ಮಾಡಿ.

ಬಿಸಿಲಿನಲ್ಲಿ ಯಾರಾದರೂ ತಡಬಡಾಯಿಸಿ ಮಾತನಾಡಿದರೆ, ಮೈ ಕೆಂಡದಂತಿದ್ದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸಿ. ಪೂರ್ತಿ ಎಚ್ಚರವಿಲ್ಲದವರಿಗೆ ನೀರು ಕುಡಿಸಬೇಡಿ.

ಪೇಜ್‌ನಲ್ಲಿ ಇರುವುದು ಚಿಕ್ಕ ಆಸ್ಪತ್ರೆ. ದೊಡ್ಡ ಆಸ್ಪತ್ರೆ ಇರುವ ಫ್ಲಾಗ್‌ಸ್ಟಾಫ್ ಸುಮಾರು 215 ಕಿ.ಮೀ. ದೂರ, ದಾರಿ ಎರಡು ಗಂಟೆಗೂ ಹೆಚ್ಚು. ಮುಂಬೈ, ಹೈದರಾಬಾದಿನಂತೆ ಗಲ್ಲಿಗೊಂದು ಆಸ್ಪತ್ರೆ ಇರುವ ಊರಿನಲ್ಲಿ ನಾವಿಲ್ಲ ಎಂಬುದು ನೆನಪಿರಲಿ.

ಒಬ್ಬರು ಹೊರಗುಳಿದರೆ?

ಆರೈಕೆ ಮಾಡುವವರು ಗಮನಿಸಬೇಕಾದ ವಿಷಯ ಇದು. ಕಾಯಿಲೆ ಇರುವವರನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಕೂರಿಸಿ ಉಳಿದವರು ಒಳಗೆ ಹೋಗಬೇಡಿ. ಎರಡು ಸರದಿಯಾಗಿ ಹೋಗಿ, ಇಲ್ಲವೇ ಅವರೊಂದಿಗೆ ಒಬ್ಬರು ಹೋಟೆಲಿನಲ್ಲಿ ಉಳಿಯಿರಿ. ಅವರಿಗೂ ನೋಡಲು ಪೇಜ್‌ನಲ್ಲಿ ಬೇರೆ ಜಾಗಗಳಿವೆ.

* ಲೇಕ್ ಪೊವೆಲ್ ದೋಣಿ ವಿಹಾರ: ಆಂಟಿಲೋಪ್ ಕಂದರ ಸರೋವರಕ್ಕೆ ಸೇರುವ ಭಾಗವನ್ನು ದೋಣಿಯಲ್ಲಿ ಕುಳಿತೇ ನೋಡಬಹುದು. ದೋಣಿಯವರೆಗೆ ಎಷ್ಟು ನಡೆಯಬೇಕು ಎಂದು ಮೊದಲೇ ಕೇಳಿ. ನೀರಿನ ಮಟ್ಟ ಇಳಿದಾಗ ಆ ದೂರ ಹೆಚ್ಚುತ್ತದೆ.
* ಹಾರ್ಸ್‌ಶೂ ಬೆಂಡ್: ಕೊಲರಾಡೊ ನದಿ ಕುದುರೆಲಾಳದಂತೆ ತಿರುಗುವ ಜಾಗ. ಹೋಗಿ-ಬರಲು ಸುಮಾರು 2.4 ಕಿ.ಮೀ. ದಾರಿ ಗಟ್ಟಿ, ಇಳಿಜಾರು ಮೆಲು, ಗಾಲಿಕುರ್ಚಿಯೂ ಸಾಗುತ್ತದೆ. ನೆರಳು ಕಡಿಮೆ, ಆದ್ದರಿಂದ ಬೆಳಗ್ಗೆ ಬೇಗ ಹೋಗಿ. ಕಂಬಿ ಇರುವ ಕಡೆಯೇ ನಿಲ್ಲಿ.

ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡಿ ಬದಲಿ ಶಸ್ತ್ರಚಿಕಿತ್ಸೆ ಆಗಿದೆ. ಹೋಗಬಹುದೇ?
ಪೂರ್ತಿ ಚೇತರಿಸಿಕೊಂಡು, ಮೆಟ್ಟಿಲು ಇಳಿಯಲು ಕಷ್ಟವಿಲ್ಲದಿದ್ದರೆ, ವೈದ್ಯರು ಒಪ್ಪಿದರೆ ಅಪ್ಪರ್ ಯೋಚಿಸಬಹುದು. ಫಿಸಿಯೋಥೆರಪಿಸ್ಟ್‌ಗೆ ಮೆಟ್ಟಿಲು ಮತ್ತು ಮರಳಿನ ವಿಷಯ ಹೇಳಿ ಅಭ್ಯಾಸ ಮಾಡಿಸಿಕೊಳ್ಳಿ.

ಪೇಸ್‌ಮೇಕರ್ ಇದೆ. ತೊಂದರೆಯೇ?
ಕಂದರದಿಂದ ಪೇಸ್‌ಮೇಕರ್‌ಗೆ ತೊಂದರೆಯಿಲ್ಲ. ಅದನ್ನು ಹಾಕಿಸಿಕೊಳ್ಳಲು ಕಾರಣವಾದ ಹೃದಯದ ಸ್ಥಿತಿ ಈಗ ಹೇಗಿದೆ ಎಂಬುದೇ ಮುಖ್ಯ. ಪೇಸ್‌ಮೇಕರ್ ಕಾರ್ಡ್ ಜೊತೆಗಿರಲಿ.

ಮೂತ್ರಕ್ಕೆ ಹೋಗಬೇಕಾಗುತ್ತದೆಂದು ನೀರು ಕಡಿಮೆ ಕುಡಿದರೆ ಸರಿಯೇ?
ಸರಿಯಲ್ಲ. ಹಿಂದಿನ ದಿನದಿಂದಲೇ ಸಾಕಷ್ಟು ಕುಡಿಯಿರಿ, ಟೂರ್‌ಗೆ ಮೊದಲು ಶೌಚಾಲಯಕ್ಕೆ ಹೋಗಿ ಬನ್ನಿ, ಒಳಗೆ ಗುಟುಕು ಗುಟುಕಾಗಿ ಕುಡಿಯಿರಿ. ಚಹಾ, ಕಾಫಿಯಿಂದ ಬೇಗ ಮೂತ್ರಕ್ಕೆ ಅವಸರವಾಗುವವರು ಅದನ್ನು ಟೂರ್ ಮುಗಿದ ಮೇಲೆ ಕುಡಿಯಿರಿ.

ನೆನಪಿಡಿ

ಟೂರ್ ಆರಿಸುವಾಗ ಮೊದಲು ನೋಡಬೇಕಾದದ್ದು ನಿಮ್ಮ ಮಂಡಿ, ಉಸಿರು, ಎದೆ. ಚಿತ್ರ, ದರ ಆಮೇಲೆ. ಅಪ್ಪ-ಅಮ್ಮನಿಗೆ 'ಆಗುತ್ತಾ?' ಎಂದು ಕೇಳಿದರೆ 'ಆಗುತ್ತೆ ಬಿಡಪ್ಪ' ಎಂದೇ ಹೇಳುತ್ತಾರೆ. ಅದರ ಬದಲು 'ಮೊನ್ನೆ ಎರಡು ಮಹಡಿ ಹತ್ತಿದಾಗ ಹೇಗಾಯಿತಮ್ಮ?' ಎಂದು ಕೇಳಿ. ಬಂದ ಉತ್ತರ ನೋಡಿ ಬುಕ್ ಮಾಡಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಆರೋಗ್ಯಕ್ಕೆ ಸಂಬಂಧಿಸಿದ ನಿರ್ಧಾರವನ್ನು ನಿಮ್ಮ ವೈದ್ಯರೊಂದಿಗೆ ಮಾತನಾಡಿಯೇ ತೆಗೆದುಕೊಳ್ಳಿ. ಟೂರ್ ನಿಯಮಗಳು ಬದಲಾಗುತ್ತಿರುತ್ತವೆ, ಬುಕ್ ಮಾಡುವ ದಿನ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ.